ಖಾಲಿ ಇರಬೇಕಿದ್ದ ಸಾಲು

ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, ತೀರಿಹೋದ ತನ್ನ ಅಜ್ಜಿ ಕನಸಿನಲ್ಲಿ ಬಂದು ಕಳೆದುಹೋಗಿದ್ದ ಹಾಲ್‌ಟಿಕೆಟ್ ಇರುವ ಜಾಗ ತೋರಿಸಿದಳು ಎಂದು ಹೇಳಿದ್ದಳು. ನಾನು ಇಡೀ ತರಗತಿಯ ಎದುರು, "ನಿಮ್ಮಜ್ಜಿಗೆ ಅಷ್ಟೆಲ್ಲಾ ಗೊತ್ತಿದ್ರ ಪ್ರಶ್ನೆಪತ್ರಿಕಿನೂ ಕೇಳಬೇಕಿತ್ತು" ಎಂದು ನಗೆಯಾಡಿದೆ. ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ನಾನು ಬರೆಯಹೊರಟಿರುವುದನ್ನು ಓದಿ ನೀವು ನಕ್ಕರೆ ಬೇಸರ ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ, ಸಿಕ್ಕರೆ ಕ್ಷಮೆ ಕೇಳಬೇಕೆಂದಿದ್ದೇನೆ.

ನಾನು ಭೌತಶಾಸ್ತ್ರ ಕಲಿಸುವವಳು. ಕಾಲೇಜು ಇರುವುದು ಲಿಂಗಸುಗೂರಿನಲ್ಲಿ, ಗಂಡನ ಮನೆ ಸಿಂಧನೂರಿನಲ್ಲಿ. ಎರಡರ ನಡುವೆ ಮಸ್ಕಿ. ಅದು ನನ್ನ ತವರು. ಹೀಗಾಗಿ ದಿನಕ್ಕೆ ಎರಡು ಸಲ ನನ್ನ ಬಸ್ಸು ತವರಿನ ಮೇಲೆ ಹಾದುಹೋಗುತ್ತದೆ. ಜೊತೆಯ ಲೆಕ್ಚರರುಗಳು, "ನಿಮ್ಮಂಥ ನಸೀಬು ಯಾರಿಗೈತಿ ಬಿಡ್ರಿ, ದಿನಾ ತವರಮನಿ" ಎನ್ನುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಹಾದುಹೋಗುವುದಕ್ಕೂ ಇಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ವಾರದ ಆರು ದಿನ ನಾನು ಹಾದುಹೋಗುತ್ತಿದ್ದೆ, ಇಳಿಯುತ್ತಿರಲಿಲ್ಲ.

ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರಿಗೇ ನಮ್ಮಪ್ಪನ, ಅಂದರೆ ಅಬ್ಬಾನ, ಅಂಗಡಿ. ಅಬ್ಬಾ ರೇಡಿಯೋ ರಿಪೇರಿಯವರು. ಹಿಂದೆ ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿದವರು ನೇರವಾಗಿ ಅವರ ಹತ್ತಿರ ರೇಡಿಯೋ ತರುತ್ತಿದ್ದರಂತೆ. ಆಮೇಲೆ ಟಿ.ವಿ. ಬಂತು, ಆಮೇಲೆ ಮೊಬೈಲು. ಅಬ್ಬಾ ಎಲ್ಲವನ್ನೂ ಕಲಿತರು, ಎಲ್ಲವನ್ನೂ ಬಿಚ್ಚಿ ಜೋಡಿಸಿದರು, ಆದರೆ ಅವರ ಜೀವ ಇದ್ದದ್ದು ರೇಡಿಯೋದಲ್ಲೇ. ಊರಿನವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಬೆಳಿಗ್ಗೆ ನನ್ನ ಬಸ್ಸು ಐದು ನಿಮಿಷ ನಿಂತಾಗ ಅವರು ಪಕ್ಕದ ಬಸಣ್ಣನ ಹೋಟೆಲಿನಿಂದ ಚಹಾ ತಂದು ಕಿಟಕಿಯಲ್ಲಿ ಕೊಡುತ್ತಿದ್ದರು. ನಾನು ಏನಾದರೂ ಮಾತು ಶುರುಮಾಡಿದರೆ, "ಸಂಜಿಕ ಮಾತಾಡೋಣ ಬೇಟಾ, ಬಸ್ ಹೊಂಟೈತಿ" ಎನ್ನುತ್ತಿದ್ದರು. ಸಂಜೆ ನಾನು ಇಳಿಯುತ್ತಿರಲಿಲ್ಲ. ಬರಬರುತ್ತಾ ಕಿಟಕಿಯ ಗಾಜು ಸರಿಸುವುದೂ ಕಡಿಮೆಯಾಯಿತು. ಕೈಯಲ್ಲಿ ಮೊಬೈಲಿರುತ್ತಿತ್ತು, ತೊಡೆಯ ಮೇಲೆ ಉತ್ತರಪತ್ರಿಕೆಗಳಿರುತ್ತಿದ್ದವು.

ಕೆಲಸದ ಜೊತೆಜೊತೆಗೇ ನಾನು ಪಿಎಚ್‌.ಡಿ. ಮಾಡುತ್ತಿದ್ದೆ. ವಿಷಯ, ಅಯಾನುಗೋಳದ ಮೇಲ್ಭಾಗದಲ್ಲಿ ಅಯಾನುಗಳ ಸಾಂದ್ರತೆ ಹೊತ್ತಿನಿಂದ ಹೊತ್ತಿಗೆ, ಋತುವಿನಿಂದ ಋತುವಿಗೆ ಹೇಗೆ ಬದಲಾಗುತ್ತದೆ ಎಂಬುದು. ಹೆಸರು ಕೇಳಿ ಗಾಬರಿಯಾಗಬೇಡಿ, ಸಂಗತಿ ಸರಳ. ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಗಾಳಿ ತೀರಾ ತೆಳುವಾಗಿರುತ್ತದೆ. ಅಲ್ಲಿ ಬಿಸಿಲು ಬಿದ್ದರೆ ಗಾಳಿಯ ಕಣಗಳು ಒಡೆದು ವಿದ್ಯುತ್ತಿನ ಗುಣವಿರುವ ಅಯಾನುಗಳಾಗುತ್ತವೆ. ಹಗಲು ಅವು ದಟ್ಟವಾಗುತ್ತವೆ. ರಾತ್ರಿಯೆಲ್ಲ ಕರಗುತ್ತಾ ಹೋಗಿ, ನಸುಕಿಗೆ ಸ್ವಲ್ಪ ಮೊದಲು ತಳ ಕಾಣುತ್ತವೆ. ಮಾರ್ಚ್ ಏಪ್ರಿಲ್ ಸುಮಾರಿಗೆ ನಮ್ಮ ಕಡೆ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಹಗಲು ಮೇಲಕ್ಕೇರಿ ಕೂತ ಅಯಾನುಗಳು ರಾತ್ರಿ ನಿಧಾನವಾಗಿ ಕೆಳಗಿಳಿದು ಕೆಳಗಿನ ಪದರವನ್ನು ಬೆಳಗಿನವರೆಗೆ ಹೇಗೋ ಬದುಕಿಸಿಡುತ್ತವೆ. ಅದೆಷ್ಟು, ಯಾವ ತಿಂಗಳಲ್ಲಿ ಎಷ್ಟು ಎಂಬುದೇ ನನ್ನ ಪ್ರಶ್ನೆ. ಉಪಗ್ರಹಗಳು ಅಳೆದ ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು ನಾಲ್ಕು ವರ್ಷ ಕೂತೆ.

ದೂರದ ಶಾರ್ಟ್‌ವೇವ್ ರೇಡಿಯೋ ನಮಗೆ ಕೇಳಿಸುವುದು ಇದೇ ಅಯಾನುಗಳಿಂದ. ಅಲೆ ಮೇಲೆ ಹೋಗಿ, ಅಲ್ಲಿಂದ ಬಾಗಿ ನೆಲಕ್ಕೆ ಮರಳುತ್ತದೆ. ಅಯಾನುಗಳು ಸಾಲದಿದ್ದರೆ ಬಾಗುವುದಿಲ್ಲ, ಆಕಾಶದಾಚೆ ಹೊರಟುಹೋಗುತ್ತದೆ. ಅದಕ್ಕೇ ನಸುಕಿಗೆ ಮೊದಲು ಕೆಲವು ಸ್ಟೇಷನ್ನುಗಳು ಸತ್ತಂತಿರುತ್ತವೆ. ನಮಗಿನ್ನೂ ಕತ್ತಲಿರುವಾಗಲೇ, ನಮ್ಮ ಸೂರ್ಯೋದಯಕ್ಕೆ ಗಂಟೆಗೂ ಮೊದಲು, ಅಷ್ಟು ಎತ್ತರದಲ್ಲಿ ಬಿಸಿಲು ಬೀಳುತ್ತದೆ. ಆಗ ಸ್ಟೇಷನ್ನು ಒಮ್ಮೆಲೇ ಎದ್ದು ಕೂರುತ್ತದೆ.

ಅಬ್ಬಾನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಪೂರ್ವದ ಯಾವುದೋ ದೇಶದ ಒಂದು ಸ್ಟೇಷನ್ನು, ಅದರಲ್ಲಿ ತಿಳಿಯದ ಭಾಷೆಯಲ್ಲಿ ಮಾತಾಡುವ ಒಬ್ಬ ಹೆಣ್ಣುಮಗಳು, ಅವಳು ದಿನಾ ಬೆಳಗಿನ ಅಜಾನ್ ಆದ ಮೇಲೆ ಸ್ವಲ್ಪ ಹೊತ್ತಿಗೆ ಕೇಳಿಸುತ್ತಾಳೆ. "ಆಕಿ ಎದ್ದಳು" ಎನ್ನುತ್ತಿದ್ದರು. ಅಂಗಡಿಯ ಹಿಂದಿನ ಮಸೀದಿಯ ಮೌಜನ್ ಸಾಹೇಬರು ಬಹಳ ಕಟ್ಟುನಿಟ್ಟು. ಗೋಡೆಗೆ ಹಚ್ಚಿದ ಪಟ್ಟಿ ನೋಡಿ, ದಿನಕ್ಕೆ ಅರ್ಧ ನಿಮಿಷ ಸರಿದರೂ ಅಷ್ಟೇ ಸರಿಸಿ, ನಸುಕು ಹರಿಯುವ ಹೊತ್ತಿಗೆ ಸರಿಯಾಗಿ ಅಜಾನ್ ಕೊಡುವವರು. ಅಜಾನ್ ಮುಗಿದ ಕೂಡಲೇ ಅಬ್ಬಾ ತಸ್ಬೀ ಹಿಡಿದು ಜಪಕ್ಕೆ ಕೂರುತ್ತಿದ್ದರು, ರೇಡಿಯೋ ಪಕ್ಕದಲ್ಲಿ ಗುಂಯ್ಗುಡುತ್ತಿತ್ತು. ಮೂವತ್ತಮೂರು ಮಣಿಯ ತಸ್ಬೀ. ಅವಳ ದನಿ ಕೇಳುವ ಹೊತ್ತಿಗೆ ಎಷ್ಟು ಸುತ್ತಾಗಿದೆ ಎಂದು ನೋಡಿ ವಹಿಯಲ್ಲಿ ಬರೆಯುತ್ತಿದ್ದರು: ಹದಿನೆಂಟು ತಸ್ಬೀ ನಾಲ್ಕು ಮಣಿ. ಇಪ್ಪತ್ತು ತಸ್ಬೀ ಒಂಬತ್ತು ಮಣಿ. ಆಮೇಲೆ ನಮಾಜಿಗೆ ಹೋಗುತ್ತಿದ್ದರು. "ನೀವು ಅಲ್ಲಾನ ಹೆಸರು ಎಣಸ್ತೀರೋ, ಆ ಹೆಂಗಸಿನ ದಾರಿ ಕಾಯ್ತೀರೋ?" ಎಂದು ಅಮ್ಮಿ ಕೆಣಕುತ್ತಿದ್ದಳು. ನಾನು ಚಿಕ್ಕವಳಿದ್ದಾಗಿನಿಂದ ಮನೆಯಲ್ಲಿ ನಡೆದುಕೊಂಡು ಬಂದ ತಮಾಷೆ ಅದು.

ನಾನು ಪಿಎಚ್‌.ಡಿ.ಯ ಕೊನೆಯ ಹಂತದಲ್ಲಿದ್ದಾಗ ಒಂದು ಬೆಳಿಗ್ಗೆ ಬಸ್ಸು ಕೆಟ್ಟು ಮಸ್ಕಿಯಲ್ಲಿ ನಿಂತಿತು. ಅನಿವಾರ್ಯವಾಗಿ ಇಳಿದೆ. ಅಬ್ಬಾ ಅಂಗಡಿಯ ಒಳಗಿನಿಂದ ಹಳೆಯ ಲುಂಗಿಯಲ್ಲಿ ಕಟ್ಟಿದ ಗಂಟು ತಂದು ಬಸಣ್ಣನ ಹೋಟೆಲಿನ ಟೇಬಲ್ಲಿನ ಮೇಲಿಟ್ಟರು. ಇಪ್ಪತ್ತೊಂದು ವಹಿಗಳು.

"ನಿನ್ನ ಕೆಲಸಕ್ಕ ಬರ್ತಾವೇನು ನೋಡು ಬೇಟಾ. ಆಕಿ ಏಳೋ ಹೊತ್ತು ಎಲ್ಲಾ ಬರದೀನಿ."

ನಾನು ಎರಡು ಪುಟ ನೋಡಿದೆ. ಹೌದು, ಇಪ್ಪತ್ತೊಂದು ವಹಿಗಳಲ್ಲಿ ಎರಡೇ ಪುಟ. ನೋಡಿ ನಗು ಬಂತು.

"ಅಬ್ಬಾ, ಅಜಾನ್ ಯಾವುದರ ಮ್ಯಾಲ ಆಗ್ತೈತಿ? ಸೂರ್ಯನ ಮ್ಯಾಲ. ಸೂರ್ಯ ಹಿಂದಮುಂದ ಆದ್ರ ಅಜಾನೂ ಅವನ ಬೆನ್ನತ್ತಿ ಹಿಂದಮುಂದ ಆಗ್ತೈತಿ. ನೀವು ಸೂರ್ಯನ್ನ ಸೂರ್ಯನಿಂದನ ಅಳದೀರಿ. ಇದ್ರಾಗ ಚಳಿಗಾಲ ಇಲ್ಲ, ಬ್ಯಾಸಗಿ ಇಲ್ಲ. ಒಂದು ಗಡಿಯಾರ ನೋಡಿ ಬರದಿದ್ರ ಆಗ್ತಿತ್ತು."

"ಏನ್ ಉಸ್ತಾದ್, ಮಗಳು ನಪಾಸ್ ಮಾಡಿಬಿಟ್ಟಳಲ್ಲ!" ಎಂದ ಬಸಣ್ಣ. ಚಹಾ ಕುಡಿಯುತ್ತಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ.

ಅಬ್ಬಾ ವಹಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಹೌದೇನು? ನನಗ ಹೊಳೀಲೇ ಇಲ್ಲ ನೋಡು" ಎಂದರು. ಒಂದೊಂದಾಗಿ ವಹಿಗಳನ್ನು ಜೋಡಿಸಿ, ಲುಂಗಿಯ ಗಂಟು ಕಟ್ಟಿದರು. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು. "ಹೋಗು, ಬಸ್ ತಪ್ಪತೈತಿ" ಎಂದರು. ಆ ವಹಿಗಳ ಮಾತು ಅವರು ಮತ್ತೆ ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎರಡು ವರ್ಷದ ನಂತರ, ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಬಸ್ಸು ಮಸ್ಕಿಯಲ್ಲಿ ಎಂದಿನಂತೆ ನಿಂತಿತು. ಅಂಗಡಿಯ ಶಟರ್ ಅರ್ಧ ಏರಿತ್ತು. ಅಬ್ಬಾ ಕಿಟಕಿಯ ಹತ್ತಿರ ಬರಲಿಲ್ಲ. ಒಳಗೆ ಯಾವುದೋ ಕೆಲಸದಲ್ಲಿರಬೇಕು ಎಂದುಕೊಂಡೆ. ಐದು ನಿಮಿಷ ಪೂರ್ತಿ ನಿಂತಿತ್ತು ಬಸ್ಸು. ಇಳಿದು ನೋಡಲು ಐದು ನಿಮಿಷ ಧಾರಾಳವಾಗಿ ಸಾಕಿತ್ತು. ಅವರು ಒಳಗೆ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರೆಂದು ನನಗೆ ಮಧ್ಯಾಹ್ನ ತಿಳಿಯಿತು. ಬಸಣ್ಣ ಮತ್ತು ಇನ್ನಿಬ್ಬರು ಅವರನ್ನು ಜೀಪಿನಲ್ಲಿ ಲಿಂಗಸುಗೂರಿಗೇ ಕರೆತರುತ್ತಿದ್ದರು. ದಾರಿಯಲ್ಲೇ ಹೋಗಿಬಿಟ್ಟರು. ನಾನು ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದೆ, ಮೊಬೈಲು ಸೈಲೆಂಟಿನಲ್ಲಿತ್ತು. ಆಸ್ಪತ್ರೆ ನನ್ನ ಕಾಲೇಜಿನಿಂದ ನಡೆದುಹೋಗುವಷ್ಟು ದೂರದಲ್ಲಿತ್ತು.

ನಲವತ್ತನೇ ದಿನದ ಫಾತೆಹಾ ಮುಗಿದ ಮರುದಿನ ಅಮ್ಮಿ ಮತ್ತು ನಾನು ಅಂಗಡಿ ತೆರೆದೆವು. ಬಾಡಿಗೆಯ ಅಂಗಡಿ, ಖಾಲಿ ಮಾಡಬೇಕಿತ್ತು. ಲುಂಗಿಯ ಗಂಟು ಮೇಲಿನ ಕಪಾಟಿನಲ್ಲಿತ್ತು. ಬಿಚ್ಚಿದೆ. ವಹಿಗಳು ಇಪ್ಪತ್ತೊಂದಲ್ಲ, ಇಪ್ಪತ್ತಮೂರು.

ನಾನು ನಕ್ಕ ಮೇಲೆ ಅವರು ಬಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಬಿಟ್ಟಿರಲಿಲ್ಲ. ಒಂದು ದಿನವೂ ಬಿಟ್ಟಿರಲಿಲ್ಲ. ನಾನು ನಕ್ಕ ಮರುದಿನದಿಂದ ಪುಟದಲ್ಲಿ ಇನ್ನೊಂದು ಗೆರೆ ಎಳೆದು ಹೊಸ ಅಂಕಣ ಮಾಡಿದ್ದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಗಡಿಯಾರ" ಎಂದಿತ್ತು. ಈ ಕಡೆ ತಸ್ಬೀ ಮತ್ತು ಮಣಿ, ಆ ಕಡೆ ಗಂಟೆ, ನಿಮಿಷ, ಸೆಕೆಂಡು. ಟೇಬಲ್ಲಿನ ಮೇಲೆ ಕೆಂಪು ಅಂಕಿಯ ಗಡಿಯಾರವೊಂದು ಇನ್ನೂ ಓಡುತ್ತಿತ್ತು.

ಮನೆಯಲ್ಲಿ ನಾವು ಹೆಚ್ಚಾಗಿ ಆಡುವುದು ದಖ್ಖನಿ ಉರ್ದು. ಅಮ್ಮಿ ಅಂದು ಹೇಳಿದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: "ನೀನು ತಪ್ಪು ಹಿಡಿದ ದಿನ ಸಂಜೆ ಈ ಗಡಿಯಾರ ತಂದರು. ಬಹಳ ಖುಷಿಯಲ್ಲಿದ್ದರು. ಮಗಳು ನನ್ನ ವಹಿ ನೋಡಿದಳು, ಮಗಳು ನನ್ನ ವಹಿ ನೋಡಿದಳು ಎಂದು ಮಲಗುವವರೆಗೆ ಅದೇ ಮಾತು." ಅಮ್ಮಿ ನನ್ನ ಸಮಾಧಾನಕ್ಕೆ ಹೀಗೆ ಹೇಳಿದಳೋ, ನಿಜವೇ ಹಾಗಿತ್ತೋ ಗೊತ್ತಿಲ್ಲ. ನಿಜವಾಗಿದ್ದರೆ ಇನ್ನೂ ಕಷ್ಟ. ನಾನು ನೋಡಿದ್ದು ಎರಡು ಪುಟ.

ವಹಿಗಳನ್ನು ಸಿಂಧನೂರಿಗೆ ತಂದು, ಈ ಸಲ ಎಲ್ಲಾ ಪುಟಗಳನ್ನೂ ಓದಿದೆ. ಗಡಿಯಾರದ ಅಂಕಣವಿದ್ದ ಎರಡು ವರ್ಷದ ಅಂಕಿಗಳನ್ನು ಮಸೀದಿಯ ಅಜಾನ್ ಪಟ್ಟಿಯ ಜೊತೆ ಹೋಲಿಸಿ ಲೆಕ್ಕ ಹಾಕಿದಾಗ ಅಬ್ಬಾನ ಒಂದು ಮಣಿಗೆ ಎರಡು ಸೆಕೆಂಡು. ಬೇಸಿಗೆಯಲ್ಲೂ ಅಷ್ಟೇ, ಜ್ವರದ ದಿನವೂ ಅಷ್ಟೇ. ಹಾಗಾದರೆ ಹಳೆಯ ಇಪ್ಪತ್ತೊಂದು ವಹಿಗಳ ಮಣಿಗಳನ್ನೂ ಸಮಯಕ್ಕೆ ಪರಿವರ್ತಿಸಬಹುದು. ಪರಿವರ್ತಿಸಿ, ತಿಂಗಳವಾರು ಜೋಡಿಸಿ ಗ್ರಾಫ್ ಹಾಕಿದೆ. ಹಾಕಿ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ.

ನಾನು ಅವರಿಗೆ ಹೇಳಿದ್ದು ತಪ್ಪಾಗಿತ್ತು. ಸೂರ್ಯನನ್ನು ಸೂರ್ಯನಿಂದ ಅಳೆದರೆ ಏನೂ ಉಳಿಯುವುದಿಲ್ಲ ಎಂದಿದ್ದೆ. ಉಳಿಯುತ್ತದೆ. ಸೂರ್ಯ ಬೇಗ ಹುಟ್ಟುವುದು, ತಡವಾಗಿ ಹುಟ್ಟುವುದು ಕಳೆದುಹೋಗಿ, ಉಳಿಯುವುದು ಬರೀ ಮೇಲಿನ ಅಯಾನುಗಳ ಕಥೆ. ಅಯಾನುಗಳು ಹೆಚ್ಚಿದ್ದರೆ ಅವಳು ಬೇಗ ಏಳುತ್ತಾಳೆ; ಅದಕ್ಕೇ ಮಾರ್ಚ್, ಏಪ್ರಿಲಿನಲ್ಲಿ ಮಣಿಗಳು ಕಡಿಮೆ, ಡಿಸೆಂಬರಿನಲ್ಲಿ ಹೆಚ್ಚು, ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಕಡಿಮೆ. ಸೂರ್ಯ ಚುರುಕಾಗಿದ್ದ ವರ್ಷಗಳಲ್ಲಿ ಇಡೀ ಗೆರೆಯೇ ಕೆಳಗಿಳಿದಿತ್ತು. ನನ್ನ ಪ್ರಬಂಧದಲ್ಲಿ ಸೂರ್ಯನ ಓರೆಯ ಪರಿಣಾಮವನ್ನು ತೆಗೆದುಹಾಕುವುದಕ್ಕೇ ಒಂದು ಇಡೀ ಅಧ್ಯಾಯ ಬರೆದಿದ್ದೆ. ಅಬ್ಬಾ ಅದನ್ನು ಒಂದು ಅಜಾನಿನಿಂದ ಮಾಡಿದ್ದರು. ಇಬ್ಬರೂ ಒಂದೇ ಪದರವನ್ನು ನೋಡಿದ್ದೆವು, ಅವರು ಕೆಳಗಿನಿಂದ, ನಾನು ಮೇಲಿನಿಂದ. ನಾನು ಬಸ್ಸಿನಿಂದ ಒಂದು ದಿನ ಇಳಿದು ಆ ವಹಿ ಸರಿಯಾಗಿ ನೋಡಿದ್ದರೆ ಸಾಕಿತ್ತು. ತಮ್ಮ ಜೀವಮಾನದ ಕೆಲಸ ತಪ್ಪು ಎಂದುಕೊಂಡೇ ಅವರು ಹೋದರು. ತಪ್ಪು ನನ್ನದಿತ್ತು ಎಂದು ಈಗ ಯಾರಿಗೆ ಹೇಳಲಿ?

ಇಪ್ಪತ್ತಮೂರನೇ ವಹಿ ಅರ್ಧಕ್ಕೆ ನಿಂತಿತ್ತು. ಅಬ್ಬಾನಿಗೆ ಒಂದು ಅಭ್ಯಾಸ. ಹೊಸ ವಹಿ ತಂದ ದಿನವೇ ಕೊನೆಯ ಪುಟದವರೆಗೆ ಗೆರೆ ಹಾಕಿ ತಾರೀಖುಗಳನ್ನೆಲ್ಲ ಮೊದಲೇ ಬರೆದಿಟ್ಟುಬಿಡುತ್ತಿದ್ದರು. ಹಾಗಾಗಿ ಡಿಸೆಂಬರಿನಿಂದ ಮುಂದಕ್ಕೆ ಅವರ ಕೈಬರಹದ ತಾರೀಖುಗಳಿದ್ದವು, ಎದುರಿಗೆ ಖಾಲಿ ಜಾಗ. ಆ ಖಾಲಿ ಸಾಲುಗಳನ್ನು ನೋಡಲಾಗಲಿಲ್ಲ. ಅವರ ರೇಡಿಯೋ, ಅವರ ತಸ್ಬೀ, ವಹಿಗೆ ದಾರದಲ್ಲಿ ಕಟ್ಟಿದ ಅವರದೇ ಹಸಿರು ಪೆನ್ನು, ಎಲ್ಲವನ್ನೂ ಇಟ್ಟುಕೊಂಡು ಫೆಬ್ರುವರಿಯಿಂದ ನಾನೇ ತುಂಬತೊಡಗಿದೆ. ಸಿಂಧನೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಅಜಾನಿಗೆ ಎದ್ದು ಕೂರುತ್ತಿದ್ದೆ. ರೇಡಿಯೋ ಹಚ್ಚುವ ಮೊದಲು ಪ್ರತಿ ದಿನ ಒಂದು ಮಾತು ಹೇಳುತ್ತಿದ್ದೆ: "ಅಬ್ಬಾ, ನಿಮ್ಮ ಲೆಕ್ಕ ಸರಿ ಇತ್ತು." ಯಾರಿಗೆ ಕೇಳಿಸುತ್ತದೆ ಎಂದು ಹೇಳುತ್ತಿದ್ದೆನೋ ತಿಳಿಯದು. ದೇವರ ಮೇಲೆ ನನಗೆ ನಂಬಿಕೆಯಿದೆ, ಸತ್ತವರು ಕಿವಿಗೊಟ್ಟು ಕೂತಿರುತ್ತಾರೆ ಎಂಬ ನಂಬಿಕೆ ಇರಲಿಲ್ಲ. ಆದರೂ ಹೇಳುತ್ತಿದ್ದೆ. ಆಮೇಲೆ ಮಣಿ ಎಣಿಸುತ್ತಿದ್ದೆ. ಅವಳು ಏಳುತ್ತಿದ್ದಳು. ಕೆಳಗೆ ಬಂದು, ದೀಪದ ಬೆಳಕಿನಲ್ಲಿ ವಹಿ ತೆರೆದು ಬರೆಯುತ್ತಿದ್ದೆ. ಮೂರು ತಿಂಗಳು ಹೀಗೆ ನಡೆಯಿತು.

ಏಪ್ರಿಲ್ ಕೊನೆಯ ವಾರದ ಒಂದು ದಿನ. ಹಿಂದಿನ ದಿನ ಒಂದು ಪುಟ ಮುಗಿದಿತ್ತು, ಕೊನೆಯ ಸಾಲು ನಾನೇ ತುಂಬಿದ್ದೆ. ಅಂದು ಎಂದಿನಂತೆ ಎದ್ದೆ. ಗಾಳಿ ಇರಲಿಲ್ಲ, ಸೆಕೆ. ಕಾಲುವೆಯ ಕಡೆಯ ಗದ್ದೆಗಳಿಂದ ಕೊಯ್ದ ಭತ್ತದ ಹುಲ್ಲಿನ ವಾಸನೆ ಬರುತ್ತಿತ್ತು. ಅಜಾನ್ ಮುಗಿಯಿತು. ನನ್ನ ಮಾತು ಹೇಳಿ ರೇಡಿಯೋ ಹಚ್ಚಿದೆ, ತಸ್ಬೀ ಹಿಡಿದೆ. ಆ ತಿಂಗಳಲ್ಲಿ ಅವಳು ಹತ್ತು, ಹನ್ನೆರಡು ತಸ್ಬೀಗೆಲ್ಲ ಏಳುತ್ತಿದ್ದಳು. ಹದಿನೈದಾಯಿತು, ಇಪ್ಪತ್ತಾಯಿತು. ಬರೀ ಗುಂಯ್ ಸದ್ದು. ಮುಳ್ಳು ಸರಿದಿರಬಹುದೆಂದು ಆಚೀಚೆ ತಿರುಗಿಸಿದೆ. ಮುಳ್ಳಿನ ಅಕ್ಕಪಕ್ಕದಲ್ಲಿ ಸಿಗುತ್ತಿದ್ದ ಬೇರೆ ದೂರದೇಶದ ಸ್ಟೇಷನ್ನುಗಳೂ ಇರಲಿಲ್ಲ. ಮೂವತ್ತಾಯಿತು, ನಲವತ್ತಾಯಿತು. ಪೂರ್ವದಲ್ಲಿ ಕೆಂಪಾಯಿತು, ಬೆಳಕಾಯಿತು, ಬಿಸಿಲು ಮಾಳಿಗೆಯ ಮೇಲೆ ಬಿತ್ತು. ಅವಳು ಏಳಲಿಲ್ಲ. ಇಪ್ಪತ್ತಮೂರು ವಹಿಗಳಲ್ಲಿ ಅವಳು ಏಳದ ದಿನಗಳು ಕೈಬೆರಳೆಣಿಕೆಯಷ್ಟು.

ಯಾಕೋ ಬಹಳ ಸಂಕಟವಾಯಿತು. ಒಂದು ಸ್ಟೇಷನ್ನು ಬರದಿದ್ದರೆ ಅಳುವವರುಂಟೇ? ನಾನು ಅತ್ತೆ. ಡಿಸೆಂಬರಿನಲ್ಲಿ ಅಳದೆ ಉಳಿದದ್ದೂ ಸೇರಿ ಬಂದಿರಬೇಕು. ಕೊನೆಗೆ ಮುಖ ಒರೆಸಿಕೊಂಡು ಕೆಳಗಿಳಿದು, "ಬರಲಿಲ್ಲ" ಎಂದು ಬರೆಯೋಣವೆಂದು ವಹಿ ತೆರೆದು ಹಾಳೆ ತಿರುವಿದೆ.

ಹೊಸ ಪುಟದ ಮೊದಲ ಸಾಲು, ಅಂದಿನ ತಾರೀಖು. ಅದರ ಎದುರಿನ ಜಾಗ ಖಾಲಿ ಇರಲಿಲ್ಲ. ಹಸಿರು ಶಾಯಿಯಲ್ಲಿ, ಅಬ್ಬಾನ ಅಕ್ಷರದಲ್ಲಿ, ಎರಡೂ ಅಂಕಣಗಳ ಮೇಲೆ ಹಾಯ್ದು ಹೀಗೆ ಬರೆದಿತ್ತು:

"ಇವತ್ತು ಆಕಿ ಏಳಂಗಿಲ್ಲ. ಕಾಯಬ್ಯಾಡ ಬೇಟಾ, ಬಸ್ ತಪ್ಪತೈತಿ."

ಅದರ ಕೆಳಗಿನ ಸಾಲುಗಳೆಲ್ಲ ಖಾಲಿ. ಮುಂದಿನ ಪುಟಗಳೂ ಖಾಲಿ.

ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬಸ್ಸು ನಿಜಕ್ಕೂ ತಪ್ಪಿತು. ಮುಂದಿನ ಬಸ್ಸಿಗೆ ಹೋದೆ. ಕಾಲೇಜು ಮುಟ್ಟಿದಾಗ ಸ್ಟಾಫ್‌ರೂಮಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ ಸುದ್ದಿ. ಸೂರ್ಯನಿಂದ ಹೊರಟ ದೊಡ್ಡ ಬಿರುಗಾಳಿ ಹಿಂದಿನ ರಾತ್ರಿ ಭೂಮಿಗೆ ಅಪ್ಪಳಿಸಿತ್ತು, ಎಲ್ಲೋ ಉತ್ತರದ ದೇಶಗಳಲ್ಲಿ ಆಕಾಶ ಬಣ್ಣಬಣ್ಣವಾಗಿತ್ತು. ವಾರದ ಮೇಲೆ ಉಪಗ್ರಹದ ಅಂಕಿಗಳು ಕೈಗೆ ಸಿಕ್ಕವು. ಆ ನಸುಕಿನಲ್ಲಿ ನಮ್ಮ ಕಡೆಯ ಆಕಾಶದಲ್ಲಿ ಅಯಾನುಗಳ ಸಾಂದ್ರತೆ ನೆಲಕಚ್ಚಿತ್ತು. ಸ್ಟೇಷನ್ನು ಬಾರದ್ದಕ್ಕೆ ಕಾರಣ ಸಿಕ್ಕಿತು. ವಹಿಯ ಆ ಸಾಲಿಗೆ ಸಿಗಲಿಲ್ಲ.

ಹಗಲಿರುಳಿನ ಬದಲಾವಣೆಯನ್ನು, ಋತುಗಳ ಬದಲಾವಣೆಯನ್ನು ಮೊದಲೇ ಹೇಳಬಹುದು. ಅದೇ ನನ್ನ ಕಸುಬು. ಆದರೆ ಇಂಥ ಬಿರುಗಾಳಿಯನ್ನು ಎರಡು ಮೂರು ದಿನಕ್ಕಿಂತ ಮುಂಚೆ ಹೇಳುವವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಅಬ್ಬಾ ತೀರಿಕೊಂಡು ನಾಲ್ಕು ತಿಂಗಳು ದಾಟಿತ್ತು. ಸೂರ್ಯ ತನ್ನ ಸುತ್ತ ತಿರುಗಲು ಇಪ್ಪತ್ತೇಳು ದಿನ ಬೇಕು, ಕೆಲವು ಗದ್ದಲಗಳು ಅದೇ ಅಂತರದಲ್ಲಿ ಮರಳಿ ಬರುತ್ತವೆ. ಅಬ್ಬಾ ಅದನ್ನು ಗಮನಿಸಿ ಲೆಕ್ಕ ಹಾಕಿರಬಹುದೇ ಎಂದು ಹಿಂದಕ್ಕೆ ಎಣಿಸಿ ನೋಡಿದೆ. ತಾಳೆಯಾಗಲಿಲ್ಲ. ಹಳೆಯ ವಹಿಗಳಲ್ಲಿ ಅವಳು ಏಳದ ದಿನಗಳಲ್ಲಿ ಅಬ್ಬಾ "ಏಳಲಿಲ್ಲ" ಎಂದಷ್ಟೇ ಬರೆದಿದ್ದರು. "ಏಳಂಗಿಲ್ಲ" ಎಂದು ಮುಂದಾಗಿ ಬರೆದದ್ದು ಎಲ್ಲೂ ಇಲ್ಲ.

ನಮ್ಮ ಮನೆಯವರು ಒಳ್ಳೆಯವರು, ನನ್ನನ್ನು ನೋಯಿಸಲು ಹೇಳಿದ್ದಲ್ಲ. "ಪೆನ್ನು ಅದೇ, ವಹಿ ಅದೇ. ನಿದ್ದಿಗಣ್ಣಾಗ ನೀನ ಬರದಿರಬೇಕು ನೋಡು" ಎಂದರು. ಅದೂ ಸಾಧ್ಯ. ಅಕ್ಷರಗಳನ್ನು ಹಳೆಯ ಪುಟಗಳ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಅಬ್ಬಾ 'ಳ' ಬರೆಯುವಾಗ ಬಾಲವನ್ನು ಒಳಗೆ ಸುತ್ತುತ್ತಿದ್ದರು, ಹಾಗೇ ಇದೆ. ಮಗಳಾದವಳಿಗೆ ಅಪ್ಪನ ಅಕ್ಷರ ಬಾರದೇ ಇರುತ್ತದೆಯೇ, ಕೈಗೆ ತಾನಾಗಿ ಬಂದಿರಬಹುದು. ಆ ಪುಟವನ್ನು ನಾನು ಮೊದಲು ತಿರುವಿಯೇ ಇರಲಿಲ್ಲ ಎಂದೂ ಆಣೆ ಮಾಡಲಾರೆ. ಅಂಗಡಿಯಲ್ಲಿ ಒಮ್ಮೆ ಸರಸರನೆ ಹಾಳೆ ಹಾರಿಸಿ ನೋಡಿದ್ದೆ, ಖಾಲಿ ಎಂದುಕೊಂಡಿದ್ದೆ. ಆ ಸಾಲು ಆಗಲೇ ಇದ್ದಿತ್ತೋ ಏನೋ. ನಾನು ವಹಿಗಳನ್ನು ನೋಡುವ ರೀತಿ ನಿಮಗೆ ಗೊತ್ತೇ ಇದೆಯಲ್ಲ. ಆದರೆ ನಾನೇ ಬರೆದಿದ್ದರೂ, ಮೊದಲೇ ಅವರು ಬರೆದಿಟ್ಟಿದ್ದರೂ, ಆ ದಿನ ಅವಳು ಏಳುವುದಿಲ್ಲವೆಂದು ನಮ್ಮಿಬ್ಬರಲ್ಲಿ ಯಾರಿಗಾದರೂ ಹೇಗೆ ಗೊತ್ತಾಯಿತು?

ಒಂದನ್ನು ಹೇಳುವುದು ಬಿಟ್ಟೆ. ಅಂದು ಬಸ್ಸು ತಪ್ಪಿ ಮುಂದಿನದಕ್ಕೆ ಹೋದೆನಲ್ಲ, ಅದು ಮಸ್ಕಿಯಲ್ಲಿ ನಿಂತಾಗ ನಾನು ಇಳಿದೆ. ಅಂಗಡಿಯಲ್ಲಿ ಆಗಲೇ ಬೇರೆ ಯಾರೋ ಮೊಬೈಲ್ ಕವರುಗಳನ್ನು ತೂಗುಹಾಕಿದ್ದರು. ಬಸಣ್ಣ ನನ್ನನ್ನು ನೋಡಿ ಒಲೆ ಬಿಟ್ಟು ಹೊರಗೆ ಬಂದ.

"ಇಳದೇನವ್ವಾ? ಕುಂದರು, ಚಾ ಕುಡಿ" ಎಂದ. ಚಹಾ ಕೊಟ್ಟು, "ಉಸ್ತಾದ್ ದಿನಾ ಎರಡ ಕಪ್ ತಗೋತಿದ್ರು. ನೀ ಕಿಟಕಿ ತಗದ್ರ ನಿನಗೊಂದು. ತಗೀಲಾರದ ದಿನ ಎರಡೂ ತಾವ ಕುಡೀತಿದ್ರು. ಕೇಳಿದ್ರ, ಮಗಳು ಓದಾಕತ್ತಾಳಪಾ, ತ್ರಾಸ ಮಾಡಬಾರದು ಅಂತಿದ್ರು" ಎಂದ.

ನಾನು ಇನ್ನೊಂದು ಕಪ್ ಹೇಳಿ, ಎರಡನ್ನೂ ಕುಡಿದು ಬಸ್ಸು ಹತ್ತಿದೆ.

ಇದು ನಡೆದು ಕೆಲವು ವರ್ಷಗಳಾದವು. ಮರುದಿನ ಅವಳು ಹನ್ನೊಂದು ತಸ್ಬೀ ಎರಡು ಮಣಿಗೆ ಎದ್ದಳು, ಏನೂ ಆಗಿಲ್ಲವೆಂಬಂತೆ ಮಾತಾಡಿದಳು. ಇಪ್ಪತ್ತಮೂರನೇ ವಹಿ ಮುಗಿದು, ನಾನು ತಂದ ವಹಿಗಳೂ ಮುಗಿದಿವೆ. ಹೊಸ ವಹಿ ತಂದಾಗಲೆಲ್ಲ ಅಬ್ಬಾನಂತೆ ತಾರೀಖುಗಳನ್ನು ಮೊದಲೇ ಬರೆದಿಡುತ್ತೇನೆ, ಮುಂದಿನ ಪುಟಗಳನ್ನು ಒಂದೊಂದಾಗಿ ತಿರುವಿ ನೋಡುತ್ತೇನೆ. ಖಾಲಿಯೇ ಇರುತ್ತವೆ.

ವಿವರಣೆ ನನ್ನಲ್ಲಿಲ್ಲ. ಇದ್ದಿದ್ದರೆ ಪ್ರಬಂಧ ಬರೆಯುತ್ತಿದ್ದೆ, ಇದನ್ನಲ್ಲ. ಅಷ್ಟು ವರ್ಷಗಳ ವಹಿಗಳಲ್ಲಿ ಅವಳ ಸುದ್ದಿ ಬಿಟ್ಟು ನನಗೆಂದು ಅಬ್ಬಾ ಬರೆದ ಸಾಲು ಅದೊಂದೇ. ನಾನು ದಿನಾ ಹೇಳುತ್ತಿದ್ದ ಮಾತು ಅವರಿಗೆ ಮುಟ್ಟಿತೋ ಇಲ್ಲವೋ ಅದರಲ್ಲಿಲ್ಲ. ಕಾಯಬೇಡ ಎಂದಿದೆ. ಅದು ಆ ಒಂದು ದಿನಕ್ಕೆ ಹೇಳಿದ್ದೋ, ಎಲ್ಲಾ ದಿನಗಳಿಗೂ ಹೇಳಿದ್ದೋ ನನಗೆ ತಿಳಿಯಲಿಲ್ಲ. ನಾಳೆ ಅಜಾನ್ ನಾಲ್ಕು ಐವತ್ತೆರಡಕ್ಕಿದೆ. ಅಲಾರಂ ಇಟ್ಟಿದ್ದೇನೆ.